ಆಟೋ ಲೆವೆಲ್ ಸೆಟ್ ಕೊಳ್ಳುವ ಸಿವಿಲ್ ವಿದ್ಯಾರ್ಥಿಗಳೇ, ಲೆನ್ಸ್ ಆಮೇಲೆ ನೋಡಿ, ಮೊದಲು ಸ್ಟಾಫ್ ಬಿಚ್ಚಿ

ಆಟೋ ಲೆವೆಲ್ ಅಂದರೆ ಜಾಗಗಳ ಎತ್ತರದ ವ್ಯತ್ಯಾಸ ಅಳೆಯಲು ಸ್ಟ್ಯಾಂಡ್ ಮೇಲೆ ಕೂರಿಸುವ ದುರ್ಬೀನು, ಸ್ಟಾಫ್ ಅಂದರೆ ಅದರಲ್ಲಿ ನೋಡಿ ಓದುವ, ಅಳತೆ ಗುರುತಿರುವ ಉದ್ದನೆ ಕೋಲು. ಮೊದಲೇ ಅಂಕ ಕೊಟ್ಟುಬಿಡುತ್ತೇನೆ. 5ಕ್ಕೆ ಲೆವೆಲ್ ಯಂತ್ರಕ್ಕೆ 4.5, ಸ್ಟ್ಯಾಂಡಿಗೆ 3, ಜೊತೆಗೆ ಬಂದ ಸ್ಟಾಫಿಗೆ 1. ಆ 1 ಕೂಡ ಅದರ ಚೀಲಕ್ಕೆ. ಚೀಲ ನಿಜವಾಗಿಯೂ ಗಟ್ಟಿಯಾಗಿದೆ.

ನಾವು ತುಮಕೂರು ಕಡೆಯ ಸಿವಿಲ್ ವಿದ್ಯಾರ್ಥಿಗಳು. ಸರ್ವೆ ಪ್ರಾಕ್ಟಿಕಲ್ ಹೇಗೆ ನಡೆಯುತ್ತದೆ ಅಂತ ಓದಿದವರಿಗೆಲ್ಲ ಗೊತ್ತು. ಇಡೀ ಬ್ಯಾಚಿಗೆ ಒಂದು ಲೆವೆಲ್. ಒಬ್ಬರು ನೋಡುತ್ತಾರೆ, ಒಬ್ಬರು ಫೀಲ್ಡ್ ಬುಕ್ ಬರೆಯುತ್ತಾರೆ, ಒಬ್ಬರು ಬಿಸಿಲಲ್ಲಿ ಸ್ಟಾಫ್ ಹಿಡಿದು ನಿಲ್ಲುತ್ತಾರೆ, ಮಿಕ್ಕವರು ಬೇವಿನ ಮರದ ಕೆಳಗೆ ಕೂತು ರೀಲ್ಸ್ ನೋಡುತ್ತಾರೆ, ಕೊನೆಗೆ ಎಲ್ಲರ ರೆಕಾರ್ಡ್ ಪುಸ್ತಕದಲ್ಲೂ ಅದೇ ರೀಡಿಂಗು ಇರುತ್ತದೆ. ಪರೀಕ್ಷೆ ದಿನ ಮಾತ್ರ ಒಬ್ಬೊಬ್ಬರೇ ಸ್ಟ್ಯಾಂಡ್ ನಿಲ್ಲಿಸಿ ಬಬಲ್ (ಮಟ್ಟ ತೋರಿಸುವ ಗುಳ್ಳೆ) ಕೂರಿಸಬೇಕು, ಆಗ ಕೈ ನಡುಗುತ್ತದೆ. ಅದಕ್ಕೇ ನಾವು ಗೆಳೆಯರು ದುಡ್ಡು ಹಾಕಿ ಒಂದು ಸೆಟ್ ತೆಗೆದುಕೊಂಡೆವು. ನಮ್ಮಲ್ಲೊಬ್ಬನ ಅಪ್ಪ ಕಂಟ್ರಾಕ್ಟರ್, ಕೋರ್ಸ್ ಮುಗಿದ ಮೇಲೆ ಸೈಟಿಗೆ ಬೇಕಾಗುತ್ತದೆ ಅಂತ ಅರ್ಧ ಅವರೇ ಕೊಟ್ಟರು. ಹಂಚಿಕೊಂಡ ಮೇಲೆ ನನ್ನ ಪಾಲು ಒಂದು ಸಾಧಾರಣ ಬ್ಲೂಟೂತ್ ಇಯರ್‌ಫೋನಿನಷ್ಟು ಬಂತು.

ಕಂಪನಿ ಹೆಸರು ಬರೆಯುವುದಿಲ್ಲ. ದೂರು ಇರುವುದು ಲೆವೆಲ್ ಮಾಡಿದವರ ಮೇಲಲ್ಲ. ಸ್ಟಾಫ್ ಇನ್ಯಾರೋ ಮಾಡಿದ್ದು, ಅಂಗಡಿಯವರು ಸೇರಿಸಿ 'ಸೆಟ್' ಅಂತ ಕಟ್ಟಿ ಕೊಟ್ಟಿದ್ದು. ಒಟ್ಟಿನಲ್ಲಿ 24 ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಆಟೋ ಲೆವೆಲ್, ಅಲ್ಯೂಮಿನಿಯಂ ಸ್ಟ್ಯಾಂಡ್, ಎಳೆದು ಉದ್ದ ಮಾಡುವ 4 ಮೀಟರಿನ ಸ್ಟಾಫ್. ಸೊಕ್ಕಿಯಾ ಬಿ40ಎ, ಟಾಪ್‌ಕಾನ್ ಎಟಿ-ಬಿ4ಎ ಅಂತ ಸೈಟುಗಳಲ್ಲಿ ಕಾಣುತ್ತೀರಲ್ಲ, ಅವೂ ಇದೇ 24 ಪಟ್ಟಿನ ದರ್ಜೆಯವು. ನಮ್ಮದು ಅವೆರಡೂ ಅಲ್ಲ, ಇನ್ನೂ ಅಗ್ಗದ್ದು. 28 ಪಟ್ಟು, 32 ಪಟ್ಟಿನದೂ ಸಿಗುತ್ತವೆ. ಪ್ರಾಕ್ಟಿಕಲ್ಲಿಗೆ, ಸರ್ವೆ ಕ್ಯಾಂಪಿಗೆ, ಮನೆ ಸೈಟಿನ ಪ್ಲಿಂತ್ ಲೆವೆಲ್ಲಿಗೆ 24 ಸಾಕೋ ಸಾಕು.

ಲೆವೆಲ್ ಬಗ್ಗೆ ಒಳ್ಳೆಯ ಮಾತೇ ಜಾಸ್ತಿ. ಕಾಲೇಜಿನ ಹಳೇ ಡಂಪಿ ಲೆವೆಲ್ ಬಳಸಿದವರಿಗೆ ಇದು ಸ್ವರ್ಗ. ಡಂಪಿಯಲ್ಲಿ ಉದ್ದನೆ ಬಬಲನ್ನು ಎರಡು ಕಾಲು ಸ್ಕ್ರೂಗೆ ಸಮಾನಾಂತರವಾಗಿ ಒಮ್ಮೆ, ತಿರುಗಿಸಿ ಮೂರನೇ ಸ್ಕ್ರೂ ಮೇಲೆ ಇನ್ನೊಮ್ಮೆ, ಮತ್ತೆ ವಾಪಸ್ ಅಂತ ಕುಣಿಸಬೇಕು, ಅಷ್ಟರಲ್ಲಿ ಸ್ಟಾಫ್ ಹಿಡಿದವನು ಕೂತುಬಿಟ್ಟಿರುತ್ತಾನೆ. ಮೇಲಾಗಿ ಹಳೇ ಡಂಪಿಯಲ್ಲಿ ಚಿತ್ರ ತಲೆಕೆಳಗು, ಅಂಕಿಯನ್ನು ಮೇಲಿನಿಂದ ಕೆಳಕ್ಕೆ ಓದಬೇಕು. ಇದರಲ್ಲಿ ನೇರ ಕಾಣುತ್ತದೆ. ಗುಂಡನೆ ಬಬಲ್ ವೃತ್ತದ ಒಳಗೆ ಬಂದರೆ ಸಾಕು, ಮಿಕ್ಕಿದ್ದನ್ನು ಒಳಗಿನ ಕಾಂಪೆನ್ಸೇಟರ್ ನೋಡಿಕೊಳ್ಳುತ್ತದೆ. ಸಣ್ಣ ತಂತಿಗಳಲ್ಲಿ ನೇತಾಡುವ ಗಾಜಿನ ತುಂಡು ಅದು. ಯಂತ್ರ ಒಂಚೂರು ವಾಲಿದ್ದರೂ ದೃಷ್ಟಿರೇಖೆಯನ್ನು ಮಟ್ಟಕ್ಕೆ ತರುತ್ತದೆ. ಸುಮಾರು 15 ನಿಮಿಷದಷ್ಟು, ಅಂದರೆ ಕಾಲು ಡಿಗ್ರಿಯಷ್ಟು ವಾಲಿಕೆ ಇದರ ಮಿತಿ. ಅದಕ್ಕಿಂತ ಜಾಸ್ತಿ ಆದರೆ ಕೈಚೆಲ್ಲುತ್ತದೆ.

ಕಾಂಪೆನ್ಸೇಟರ್ ಸರಿಯಿದೆಯಾ ಅಂತ ಅಂಗಡಿಯಲ್ಲೇ ನೋಡಬಹುದು. ಸ್ಟ್ಯಾಂಡ್ ಮೇಲೆ ಕೂರಿಸಿ, ಎದುರಿನ ಗೋಡೆಯ ಮೇಲೆ ಒಂದು ಗುರುತು ಹಿಡಿದು, ಗುರುತಿನ ಕಡೆಗಿರುವ ಕಾಲು ಸ್ಕ್ರೂವನ್ನು ಬಬಲ್ ವೃತ್ತ ಬಿಟ್ಟು ಹೋಗದಷ್ಟು ಮಾತ್ರ ತಿರುಗಿಸಿ. ಅಡ್ಡಗೆರೆ ಅಲುಗಿ, ನಡುಗಿ, ಮತ್ತೆ ಅದೇ ಗುರುತಿಗೆ ಬಂದು ನಿಲ್ಲಬೇಕು. ಎಲ್ಲೋ ಮೇಲೆ ಹೋಗಿ ಅಲ್ಲೇ ನಿಂತರೆ ಒಳಗೆ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮಾಡದೆ ದುಡ್ಡು ಕೊಡಬೇಡಿ.

ನಮ್ಮದು ಈ ಪರೀಕ್ಷೆ ಪಾಸಾಯಿತು. ದೃಷ್ಟಿರೇಖೆ ನಿಜಕ್ಕೂ ಮಟ್ಟವಾಗಿದೆಯಾ ಅಂತ ನೋಡುವ ಟೂ ಪೆಗ್ ಟೆಸ್ಟೂ ಪಾಸು. ಇದನ್ನು ಪುಸ್ತಕದಲ್ಲಿ ನೋಡಿದರೆ ತಲೆನೋವು, ಮೈದಾನದಲ್ಲಿ ಸುಲಭ. 60 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆದು, ಸರಿಯಾಗಿ ಮಧ್ಯದಲ್ಲಿ ಲೆವೆಲ್ ಇಟ್ಟು ಓದಿ. ಉದಾಹರಣೆಗೆ 1.420 ಮತ್ತು 1.265 ಬಂತು ಅನ್ನಿ. ವ್ಯತ್ಯಾಸ 0.155. ಮಧ್ಯದಲ್ಲಿ ಇಟ್ಟಾಗ ಯಂತ್ರದ ದೋಷ ಎರಡೂ ಕಡೆ ಸಮ, ಹಾಗಾಗಿ ಈ ವ್ಯತ್ಯಾಸ ನಿಜವಾದದ್ದು. ಈಗ ಲೆವೆಲನ್ನು ಮೊದಲ ಗೂಟದ ಹತ್ತಿರಕ್ಕೆ ತಂದು ಮತ್ತೆ ಓದಿ. ಹತ್ತಿರದ್ದು 1.510 ಬಂದರೆ ದೂರದ್ದು 1.355 ಬರಬೇಕು. 1.358 ಬಂದರೆ ದೃಷ್ಟಿರೇಖೆ 3 ಮಿ.ಮೀ. ಮೇಲಕ್ಕೆ ಹೋಗುತ್ತಿದೆ. ನಮ್ಮದರಲ್ಲಿ 1 ಮಿ.ಮೀ. ಒಳಗೇ ಇತ್ತು, ಆ ಬೆಲೆಗೆ ನಾವು ಅಷ್ಟು ನಿರೀಕ್ಷೆ ಮಾಡಿರಲಿಲ್ಲ. ಬಸ್ಸಿನಲ್ಲಿ ಕ್ಯಾಂಪಿಗೆ ಹೋಗಿ ಬಂದ ಮೇಲೆ ಮತ್ತೆ ನೋಡಿದೆವು, ಹಾಗೇ ಇತ್ತು.

ಲೆನ್ಸ್ ಬೆಳಿಗ್ಗೆ ಹೊತ್ತು ತುಂಬಾ ಚೆನ್ನ. 40–50 ಮೀಟರ್ ತನಕ ಮಿಲಿಮೀಟರನ್ನು ಧೈರ್ಯವಾಗಿ ಅಂದಾಜು ಮಾಡಬಹುದು. 80 ದಾಟಿದರೆ ಅರ್ಧ ಸೆಂಟಿಮೀಟರಿಗೆ ತೃಪ್ತಿ ಪಡಬೇಕು. ಮಧ್ಯಾಹ್ನ ಹನ್ನೆರಡರ ಮೇಲೆ ನೆಲದಿಂದ ಕಾವು ಏಳಲು ಶುರುವಾದರೆ ಸ್ಟಾಫಿನ ಅಂಕಿಗಳು ನೀರಲ್ಲಿ ಇದ್ದ ಹಾಗೆ ಅಲ್ಲಾಡುತ್ತವೆ, ಅದಕ್ಕೆ ಯಾವ ಲೆನ್ಸೂ ಏನೂ ಮಾಡಲಾರದು, ಅದರಲ್ಲೂ ಗೆರೆ ಸ್ಟಾಫಿನ ಬುಡದ ಹತ್ತಿರ, ಅರ್ಧ ಮೀಟರಿಗಿಂತ ಕೆಳಗೆ ಬಿದ್ದರೆ ಕಥೆ ಮುಗಿಯಿತು. ಕಣ್ಣಿನ ಹತ್ತಿರದ ಐಪೀಸನ್ನು ಮೊದಲು ಅಡ್ಡಗೆರೆ ಕಪ್ಪಗೆ ಚೂಪಾಗಿ ಕಾಣುವ ತನಕ ತಿರುಗಿಸಿಕೊಳ್ಳಿ, ಆಮೇಲೆ ಸ್ಟಾಫಿಗೆ ಫೋಕಸ್ ಮಾಡಿ. ತಲೆ ಮೇಲೆ ಕೆಳಗೆ ಆಡಿಸಿದಾಗ ರೀಡಿಂಗ್ ಬದಲಾದರೆ ಅದು ಪ್ಯಾರಲಾಕ್ಸ್. ವೈವಾದಲ್ಲಿ ಇದನ್ನು ಕೇಳದೇ ಬಿಡುವ ಎಕ್ಸಾಮಿನರ್ ಇಲ್ಲ.

ಈಗ ಸ್ಟಾಫು. ನಿಜವಾದ ವಿಮರ್ಶೆ ಇಲ್ಲಿಂದ.

ಸೆಟ್ ತಂದ ದಿನ ನಾವೆಲ್ಲ ಲೆವೆಲ್ಲಿನಲ್ಲಿ ಕಣ್ಣಿಟ್ಟು ದೂರದ ನೀರಿನ ಟ್ಯಾಂಕು ನೋಡುತ್ತಾ ಖುಷಿ ಪಡುತ್ತಿದ್ದೆವು. ಲ್ಯಾಬಿನ ಅಟೆಂಡರ್ ಅಣ್ಣ ಬಂದವರು, "ಲೆನ್ಸು ಎಲ್ಲೂ ಓಡೋಗಲ್ಲ ಕಣ್ರಯ್ಯಾ, ಮೊದ್ಲು ಆ ಸ್ಟಾಫ್ ತಕಂಬನ್ನಿ ಇಲ್ಲಿ" ಅಂದರು. ಪೂರ್ತಿ ಎಳೆದು ನೆಲದ ಮೇಲೆ ಮಲಗಿಸದೆ ಗೋಡೆಗೆ ನೆಟ್ಟಗೆ ನಿಲ್ಲಿಸಿದರು, ಕೆಲಸದಲ್ಲಿ ಹೇಗೆ ನಿಲ್ಲುತ್ತದೋ ಹಾಗೆ. ಸ್ಟೀಲ್ ಟೇಪ್ ಹಿಡಿದು ಒಂದೊಂದು ಜೋಡಣೆಯ ಕೆಳಗಿನ 10 ಸೆಂ.ಮೀ., ಮೇಲಿನ 10 ಸೆಂ.ಮೀ. ಸೇರಿಸಿ ಅಳೆದರು. 200 ಮಿ.ಮೀ. ಬರಬೇಕು. ಕೆಳಗಿನ ಜೋಡಣೆಯಲ್ಲೇ 197 ಬಂತು. ಎಳೆದ ತುಂಡನ್ನು ಹಿಡಿದಿಡುವ ಹಿಂದಿನ ಗುಂಡಿಯನ್ನು ಬೆರಳಲ್ಲಿ ಒತ್ತಿ ತೋರಿಸಿದರು. ಗುಂಡಿ ಕೂರುವ ತೂತು ಗುಂಡಿಗಿಂತ ದೊಡ್ಡದು. 'ಟಕ್' ಅಂತ ಸದ್ದು ಬರುತ್ತದೆ, ಕೂತಿದೆ ಅನ್ನಿಸುತ್ತದೆ, ಆದರೆ ಮೇಲಿನ ತುಂಡು ತನ್ನ ಭಾರಕ್ಕೆ 3 ಮಿ.ಮೀ. ಕೆಳಗೆ ಜಾರಿ ಕೂರುತ್ತದೆ.

3 ಮಿ.ಮೀ. ತಾನೇ, ಏನು ಮಹಾ ಅಂತ ಕೇಳುತ್ತೀರಾ? ಲೆವೆಲ್ಲಿನ ಡಬ್ಬಿ ಮೇಲೆ ಏನು ಬರೆದಿದೆ ನೋಡಿ. 1 ಕಿ.ಮೀ. ಹೋಗಿ ಬಂದರೆ ಯಂತ್ರದ ನಿಖರತೆ 2 ಮಿ.ಮೀ. ಅಂತೆ. ಒಂದು ಕಿಲೋಮೀಟರಿಗೆ 2 ಮಿ.ಮೀ. ಕೊಡುವ ಯಂತ್ರಕ್ಕೆ ಒಂದೊಂದು ರೀಡಿಂಗಿಗೆ 3 ಮಿ.ಮೀ. ತಪ್ಪು ತೋರಿಸುವ ಸ್ಟಾಫ್ ಜೋಡಿ ಮಾಡಿ ಕೊಟ್ಟಿದ್ದಾರೆ!

ಇದರಲ್ಲಿ ಇನ್ನೂ ಒಂದು ಕಿತಾಪತಿ ಇದೆ. ಸಮತಟ್ಟು ಜಾಗದಲ್ಲಿ ಬ್ಯಾಕ್‌ಸೈಟು, ಫೋರ್‌ಸೈಟು (ಹಿಂದೆ, ಮುಂದೆ ಇಟ್ಟ ಸ್ಟಾಫಿನ ರೀಡಿಂಗುಗಳು) ಎರಡೂ ಒಂದೇ ತುಂಡಿನ ಮೇಲೆ ಬಿದ್ದರೆ ತಪ್ಪು ತಪ್ಪಿಗೇ ವಜಾ. ಏರು ಹತ್ತುವಾಗ ಹಾಗಲ್ಲ. ಹಿಂದಿನ ಸ್ಟಾಫ್ ತಗ್ಗಿನಲ್ಲಿರುವುದರಿಂದ ಬ್ಯಾಕ್‌ಸೈಟ್ 3 ಮೀಟರಿನ ಮೇಲೆ, ಮುಂದಿನದು ದಿಬ್ಬದ ಮೇಲಿರುವುದರಿಂದ ಫೋರ್‌ಸೈಟ್ ಅರ್ಧ ಮೀಟರಿನ ಆಸುಪಾಸು. ಮೇಲಿನ ತುಂಡಿನ ರೀಡಿಂಗು ಮಾತ್ರ 3 ಮಿ.ಮೀ. ಜಾಸ್ತಿ ಬರುತ್ತದೆ. ಎರಡರ ವ್ಯತ್ಯಾಸವೇ ಏರಿದ ಎತ್ತರ, ಹಾಗಾಗಿ ಅದೂ ಅಷ್ಟೇ ಜಾಸ್ತಿ. ಒಂದು ಸಲ ಸ್ಟ್ಯಾಂಡ್ ಇಟ್ಟರೆ 3, ಐದು ಸಲ ಇಟ್ಟು ಗುಡ್ಡ ಏರಿದರೆ 15 ಮಿ.ಮೀ. ಸರಿ, ವಾಪಸ್ ಬಂದು ಬಿಎಂ (ಎತ್ತರ ಗೊತ್ತಿರುವ, ಹೊರಟ ಗುರುತು) ಮೇಲೆ ಮುಗಿಸಿದರೆ ಗೊತ್ತಾಗುತ್ತದಲ್ವಾ ಅಂದರೆ, ಗೊತ್ತಾಗುವುದಿಲ್ಲ! ಇಳಿಯುವಾಗ ಫೋರ್‌ಸೈಟ್ ಮೇಲಿನ ತುಂಡಿಗೆ ಬೀಳುತ್ತದೆ, ಇಳಿತವೂ ಅಷ್ಟೇ ಜಾಸ್ತಿ ಬಂದು, ಹೊರಟ ಜಾಗಕ್ಕೆ ಕೊಟ್ಟಿದ್ದ 100.000 ಮೀಟರ್ ಎತ್ತರಕ್ಕೇ ಸರಿಯಾಗಿ ಬಂದು ನಿಲ್ಲುತ್ತೀರಿ. ಬ್ಯಾಕ್‌ಸೈಟ್ ಮೊತ್ತದಲ್ಲಿ ಫೋರ್‌ಸೈಟ್ ಮೊತ್ತ ಕಳೆದು ಆರ್‌ಎಲ್ (ಲೆಕ್ಕ ಹಾಕಿದ ಎತ್ತರ) ವ್ಯತ್ಯಾಸಕ್ಕೆ ತಾಳೆ ನೋಡುತ್ತೇವಲ್ಲ, ಆ ಲೆಕ್ಕವೂ ಸರಿ ಬರುತ್ತದೆ, ಯಾಕೆಂದರೆ ಅದು ಕೂಡು ಕಳೆ ಸರಿಯಿದೆಯಾ ಅಂತ ಮಾತ್ರ ಹೇಳುತ್ತದೆ. ಸಾಮಾನ್ಯ ಲೆವೆಲಿಂಗಿಗೆ 24 ಗುಣಿಸು ಕಿಲೋಮೀಟರಿನ ವರ್ಗಮೂಲದಷ್ಟು ಮಿ.ಮೀ. ತಪ್ಪು ನಡೆಯುತ್ತದೆ ಅಂತ ಪುಸ್ತಕ ಹೇಳುತ್ತದೆ, 250 ಮೀಟರಿಗೆ 12 ಮಿ.ಮೀ. ಬಂತು. ನಿಮ್ಮ ಕ್ಲೋಸಿಂಗ್ ಎರರ್ ಸೊನ್ನೆ, ಮೇಷ್ಟ್ರು ಭೇಷ್ ಅನ್ನುತ್ತಾರೆ, ಗುಡ್ಡದ ತುದಿಯ ಆರ್‌ಎಲ್ ಮಾತ್ರ 15 ಮಿ.ಮೀ. ಸುಳ್ಳು.

ಕೆರೆ ವಿಷಯಕ್ಕೆ ಬಂದರೆ ಇದು ಸಣ್ಣ ಮಾತಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳ ಸರ್ವೆ ಕ್ಯಾಂಪಿನಲ್ಲಿ ಹೊಸ ಕೆರೆ, ಹಳೇ ಕೆರೆ, ರಸ್ತೆ, ನೀರು ಸರಬರಾಜು ಅಂತ ಪ್ರಾಜೆಕ್ಟುಗಳಿರುತ್ತವೆ. ಹಳೇ ಕೆರೆಯಲ್ಲಿ ಏರಿ ಉದ್ದಕ್ಕೂ ಲೆವೆಲ್ ತೆಗೆಯಬೇಕು, ಅಡ್ಡ ಕೊಯ್ದ ಹಾಗೆ ಸೆಕ್ಷನ್ ತೆಗೆಯಬೇಕು, ತೂಬಿನ ತಳ, ಕೋಡಿಯ ತಲೆ ಎಲ್ಲದರ ಆರ್‌ಎಲ್ ಬೇಕು. ಕೋಡಿ ಎಷ್ಟು ಎತ್ತರವೋ ಕೆರೆ ಅಷ್ಟು ತುಂಬುತ್ತದೆ. ನೀರು ನಿಲ್ಲುವ ಜಾಗ 10 ಹೆಕ್ಟೇರ್, ಅಂದರೆ ಸುಮಾರು 25 ಎಕರೆ ಅಂತ ಇಟ್ಟುಕೊಳ್ಳಿ. 15 ಮಿ.ಮೀ. ವ್ಯತ್ಯಾಸ ಅಂದರೆ 1500 ಘನ ಮೀಟರ್, 15 ಲಕ್ಷ ಲೀಟರ್ ನೀರು. 6000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 250 ಟ್ಯಾಂಕರ್. ಬಯಲುಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸ್ಟಾಫಿನ ಇನ್ನೊಂದು ಕೊರತೆ, ಅದರ ಜೊತೆ ಬಬಲ್ ಬಂದಿಲ್ಲ. ಸ್ಟಾಫಿನ ಬೆನ್ನಿಗೆ ಸಿಕ್ಕಿಸುವ ಸಣ್ಣ ಗುಂಡು ಬಬಲ್ ಪ್ರತ್ಯೇಕ ಕೊಳ್ಳಬೇಕು, ಅಗ್ಗ, ಖಂಡಿತ ಕೊಳ್ಳಿ. ಸ್ಟಾಫ್ 5 ಡಿಗ್ರಿ ವಾಲಿದರೆ 3 ಮೀಟರಿನ ರೀಡಿಂಗು 11 ಮಿ.ಮೀ.ಗಿಂತ ಜಾಸ್ತಿ ತಪ್ಪುತ್ತದೆ. ಬಬಲ್ ಇಲ್ಲದಿದ್ದರೆ ಹಿಡಿದವರು ಸ್ಟಾಫನ್ನು ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ತೂಗಬೇಕು, ನೋಡುವವರು ಎಲ್ಲಕ್ಕಿಂತ ಕಡಿಮೆ ಬರುವ ರೀಡಿಂಗ್ ಹಿಡಿಯಬೇಕು. ಗಾಳಿಗೆ ಏರಿ ಮೇಲೆ 4 ಮೀಟರ್ ಸ್ಟಾಫ್ ತೂಗಿ ನೋಡಿ, ಆ ಬಬಲ್ಲಿನ ಬೆಲೆ ತಿಳಿಯುತ್ತದೆ.

ಮತ್ತೊಂದು, ದಯವಿಟ್ಟು ಗಮನಿಸಿ. ಇದು ಅಲ್ಯೂಮಿನಿಯಂ. ಅಚ್ಚುಕಟ್ಟಿನ ಕಡೆ ಪಂಪ್‌ಸೆಟ್ಟಿಗೆ ಎಳೆದ ಕರೆಂಟ್ ತಂತಿಗಳು ಜೋತುಬಿದ್ದಿರುತ್ತವೆ. ಪೂರ್ತಿ ಎಳೆದ ಸ್ಟಾಫನ್ನು ಹೆಗಲ ಮೇಲೆ ನಿಲ್ಲಿಸಿಕೊಂಡು ಅದರ ಕೆಳಗೆ ಓಡಾಡಬೇಡಿ. ಜಾಗ ಬದಲಿಸುವಾಗ ಪ್ರತಿ ಸಲ ಮಡಚಿ. ಬೇಜಾರಾದರೂ ಮಡಚಿ.

ಸ್ಟ್ಯಾಂಡಿಗೆ 3 ಕೊಟ್ಟಿದ್ದು ಯಾಕೆ ಅಂದರೆ ಹಗುರ. ಹೊತ್ತು ಹೋಗುವಾಗ ಅದು ಪುಣ್ಯ, ಗಾಳಿಯಲ್ಲಿ ಅದೇ ಪಾಪ. ಏರಿ ಮೇಲೆ ಬಳ್ಳಾರಿ ಜಾಲಿ ಕಡಿದು ಮಾಡಿದ ಜಾಗದಲ್ಲಿ ನಿಲ್ಲಿಸಿದಾಗ ಗಾಳಿಗೆ ಅಡ್ಡಗೆರೆ ಒಂದೇ ಸಮ ನಡುಗುತ್ತಿತ್ತು. ನಡುವಿನ ಕೊಕ್ಕೆಗೆ ನೀರಿನ ಬಾಟಲಿ ತುಂಬಿದ ಚೀಲ ನೇತುಹಾಕಿದ ಮೇಲೆ ಸುಮಾರಾಯಿತು. ಒಂದು ಕಾಲಿನ ತಿರುಪು ಬಿಗಿಯಾಗಿ ನಿಲ್ಲುತ್ತಿರಲಿಲ್ಲ, ಅರ್ಧ ಗಂಟೆಗೆ ಬಬಲ್ ಒಂಚೂರು ಜಾರುತ್ತಿತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ವಾಷರ್ ಹಾಕಿಸಿದೆವು, ಸರಿಹೋಯಿತು. ಮರದ ಸ್ಟ್ಯಾಂಡ್ ಸಿಕ್ಕರೆ, ಹೊರುವ ತಮ್ಮಂದಿರು ಜೊತೆಗಿದ್ದರೆ, ಅದೇ ಒಳ್ಳೆಯದು.

ಸೆಟ್ಟಿನಲ್ಲಿ ಇರಬೇಕಾಗಿದ್ದು, ಇರದಿದ್ದದ್ದು: ಫೂಟ್ ಪ್ಲೇಟು, ಅಂದರೆ ಸ್ಟಾಫ್ ಮಣ್ಣಿಗೆ ಇಳಿಯದ ಹಾಗೆ ಬುಡಕ್ಕೆ ಇಡುವ ತಟ್ಟೆ. ಹೊಸದಾಗಿ ಉತ್ತ ರಾಗಿ ಹೊಲದಲ್ಲಿ ಚೇಂಜ್ ಪಾಯಿಂಟ್ ಮಾಡಿದರೆ, ಫೋರ್‌ಸೈಟ್ ಓದಿ ಲೆವೆಲ್ ಎತ್ತಿಕೊಂಡು ಮುಂದೆ ಹೋಗಿ ಬ್ಯಾಕ್‌ಸೈಟ್ ಓದುವಷ್ಟರಲ್ಲಿ ಸ್ಟಾಫ್ ಮಣ್ಣಿಗೆ ಇಳಿದಿರುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ತಗಡಿನ ತ್ರಿಕೋನಕ್ಕೆ ಮಧ್ಯೆ ಒಂದು ಗುಂಡು ತಲೆಯ ಬೋಲ್ಟು, ಮೂಲೆಗೆ ಮೂರು ಮೊಳೆ ಹಾಕಿಸಿಕೊಂಡೆವು. ಚಾ ಕುಡಿಯುವಷ್ಟರಲ್ಲಿ ಆಯಿತು.

ಈ ಲೆವೆಲ್ಲಿನಲ್ಲಿ ಸೈಟು, ಹೊಲ ಅಳೆಯಬಹುದಾ ಅಂತ ಕೇಳುವವರು ಇದ್ದಾರೆ. ಕ್ಯಾಂಪಿನಲ್ಲಿ ನಾವು ಸ್ಟ್ಯಾಂಡ್ ಇಟ್ಟ ಕಡೆಯೆಲ್ಲ ಜನ ಸೇರುತ್ತಿದ್ದರು. ರಸ್ತೆ ಅಗಲ ಮಾಡುತ್ತೀರಾ, ಎಷ್ಟು ಗುಂಟೆ ಹೋಗುತ್ತದೆ ಅಂತ ಒಬ್ಬರ ಗಾಬರಿ. ಒಬ್ಬರು ಅಜ್ಜ, "ನಮ್ದು ಇನ್ನೂ ಪೋಡಿ ಆಗಿಲ್ಲ ಕಣಪ್ಪಾ, ಹೆಂಗೂ ಬಂದಿದೀರಿ, ಹದ್ದುಬಸ್ತು ನೋಡ್ಬುಟ್ ಹೋಗಿ" ಅಂತ ಪಹಣಿ ಪ್ರತಿಯನ್ನೇ ಹಿಡಿದು ಬಂದಿದ್ದರು. ಆಗುವುದಿಲ್ಲ ಅಜ್ಜಾರೇ ಅಂತ ಹೇಳಿ ಕಳಿಸಬೇಕಾಯಿತು. ಲೆವೆಲ್ಲಿನಲ್ಲಿ ದೂರ ಗೊತ್ತಾಗುತ್ತದೆ, ಒಳಗೆ ಕಾಣುವ ಮೇಲಿನ ಗೆರೆ ಕೆಳಗಿನ ಗೆರೆಯ ರೀಡಿಂಗಿನ ವ್ಯತ್ಯಾಸಕ್ಕೆ 100 ಗುಣಿಸಿದರೆ ಆಯಿತು. ಆದರೆ 1 ಮಿ.ಮೀ. ತಪ್ಪಿ ಓದಿದರೆ ದೂರ 10 ಸೆಂ.ಮೀ. ತಪ್ಪುತ್ತದೆ. ಬುಡದ ವೃತ್ತದಲ್ಲಿ ಕೋನದ ಗುರುತು ಬರೀ 1 ಡಿಗ್ರಿಗೆ ಒಂದು. ಕಾಂಟೂರ್ (ಸಮ ಎತ್ತರದ ಗೆರೆ) ಎಳೆಯಲು ಸಾಕು. 33 ಅಡಿ ಚದರವನ್ನು ಗುಂಟೆ ಅಂತ ಕರೆದು, ಆ ಗುಂಟೆಯನ್ನೂ 16 ಆಣೆ ಮಾಡಿ, ಆಣೆ ಲೆಕ್ಕದಲ್ಲಿ ಜಗಳ ಆಡುವ ಊರಿನಲ್ಲಿ ಇದನ್ನು ನಂಬಿ ಗಡಿ ಕಲ್ಲು ನೆಡಬೇಡಿ. ಅದಕ್ಕೆ ದೂರ, ಕೋನ ಎರಡನ್ನೂ ನಿಖರವಾಗಿ ಅಳೆಯುವ ಟೋಟಲ್ ಸ್ಟೇಷನ್ನು ಬೇಕು, ಇಲ್ಲವೇ ಈಗ ಸರ್ಕಾರಿ ಭೂಮಾಪಕರು ಹಿಡಿದು ಬರುತ್ತಿರುವ, ಉಪಗ್ರಹದ ಸಿಗ್ನಲ್ಲಿನಿಂದ ಜಾಗ ಗುರುತಿಸುವ ರೋವರು.

ಹಾಗಾದರೆ ರೋವರ್ ಕಾಲದಲ್ಲಿ ಈ ಲೆವೆಲ್ ಯಾಕೆ ಅಂತ ನಮ್ಮ ಕ್ಲಾಸಿನಲ್ಲೇ ಒಬ್ಬ ಕೇಳಿದ. ಉಪಗ್ರಹದಿಂದ ಬರುವ ಎತ್ತರ ಅಡ್ಡ ಅಳತೆಯಷ್ಟು ನಿಖರ ಅಲ್ಲ, ಸೆಂಟಿಮೀಟರುಗಟ್ಟಲೆ ಆಚೀಚೆ ಆಗುತ್ತದೆ. ಕಾಲುವೆ ಇಳಿಜಾರು 5000ಕ್ಕೆ 1 ಅಂದರೆ ಕಿಲೋಮೀಟರಿಗೆ ಬರೀ 20 ಸೆಂ.ಮೀ. ಅಂದರೆ ನೂರು ಮೀಟರಿಗೆ 2 ಸೆಂ.ಮೀ. ಅಲ್ಲಿ ರೋವರ್ ಹಿಡಿದು ನಿಂತರೆ ನೀರು ಯಾವ ಕಡೆ ಹರಿಯುತ್ತದೆ ಅಂತ ಹೇಳುವುದೂ ಕಷ್ಟ. ಮೊಬೈಲಿನ ಆಲ್ಟಿಮೀಟರ್ ಆ್ಯಪು ಸುಮ್ನೆ ಟೈಮ್ ಪಾಸು.

ಕೊನೆಗೆ ಅಂಗಡಿ. ಬೆಂಗಳೂರಿನದು, ಹೆಸರು ಬೇಡ. ಲೆವೆಲ್ ಬಗ್ಗೆ ಚೆನ್ನಾಗಿ ವಿವರಿಸಿದರು, ಒಂದು ವರ್ಷದ ವಾರಂಟಿ ಬರೆದುಕೊಟ್ಟರು. ಸ್ಟಾಫ್ ವಾಪಸ್ ಒಯ್ದಾಗ ಮಾತ್ರ, "ಸ್ಟಾಫಿಗೆಲ್ಲ ವಾರಂಟಿ ಇರಲ್ಲಾರೀ, ಎಲ್ಲಾದೂ ಹಂಗೇ ಇರೋದು" ಅಂದರು. ಎಲ್ಲವೂ ಹಾಗೆ ಇರುವುದಿಲ್ಲ. ನಾವು ಅಲ್ಲೇ ಟೇಪ್ ತೆಗೆದು ಒಂದಾದ ಮೇಲೊಂದು ಸ್ಟಾಫ್ ಬಿಚ್ಚಿಸಿ ನಿಲ್ಲಿಸಿ ಅಳೆದೆವು. ಮೊದಲು ಮುಖ ಗಂಟು ಹಾಕಿಕೊಂಡವರು ಆಮೇಲೆ ತಾವೇ ಟೇಪಿನ ತುದಿ ಹಿಡಿದರು. ಸ್ವಲ್ಪ ದುಬಾರಿಯ ಒಂದರಲ್ಲಿ ಎಲ್ಲ ಜೋಡಣೆಯಲ್ಲೂ 200ಕ್ಕೆ 200 ಬಂತು. ಹಳೆಯದನ್ನು ಕಳೆದು ಮಿಕ್ಕ ದುಡ್ಡು ಕೊಟ್ಟು ಅದನ್ನೇ ತಂದೆವು, ಈಗ ಬಳಸುತ್ತಿರುವುದೂ ಅದೇ.

ಬಿಲ್ಲಿನಲ್ಲಿ ಲೆವೆಲ್ಲಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಕ್ಯಾಲಿಬ್ರೇಷನ್ ಸರ್ಟಿಫಿಕೇಟಿನಲ್ಲೂ ಅದೇ ನಂಬರ್ ಇದೆಯಾ ನೋಡಿ. ನಮ್ಮ ಡಬ್ಬಿಯಲ್ಲಿ ಇನ್ಯಾವುದೋ ಲೆವೆಲ್ಲಿನ ಸರ್ಟಿಫಿಕೇಟ್ ಇತ್ತು, ಫೋನ್ ಮಾಡಿದ ಮೇಲೆ ಸರಿಯಾದದ್ದು ವಾಟ್ಸಾಪಿನಲ್ಲಿ ಬಂತು.